ಕೆರೆಗೂ ಒಂದು ಹಾಜರಿ ಪುಸ್ತಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಯ ಕಪಾಟಿನಲ್ಲಿ 50 ವರ್ಷಗಳ ಹಾಜರಿ ಪುಸ್ತಕಗಳಿವೆ. ಆದರೆ ಊರ ಕೆರೆಯ ಬಗ್ಗೆ ಒಂದು ಪುಟವೂ ಇಲ್ಲ. ಕೆರೆ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತೇವೆ. ಯಾವಾಗಿನಿಂದ, ಎಷ್ಟು ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಅದಕ್ಕೇ ನನ್ನದೊಂದು ಬೇಡಿಕೆ: ಕೆರೆಗೂ ಒಂದು ಹಾಜರಿ ಪುಸ್ತಕ ಇಡೋಣ. ಅದನ್ನು ಮಕ್ಕಳೇ ಬರೆಯಲಿ.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕಿಳಿಸಿ, ಅದು ಕಣ್ಮರೆಯಾಗುವ ಆಳದಿಂದ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆದರು. ಕೆರೆಗಳಲ್ಲಿ ಇಂದಿಗೂ 20 ಸೆಂ.ಮೀ. ಅಗಲದ, ಕಪ್ಪು–ಬಿಳಿ ಬಣ್ಣ ಬಳಿದ ತಟ್ಟೆ ಬಳಸುತ್ತಾರೆ. ಅದನ್ನು ನಮ್ಮ ಮಕ್ಕಳೇ ಮಾಡಬಲ್ಲರು. ಗುರುತು ಹಾಕಿದ ಹಗ್ಗ ಕಟ್ಟಿದರಾಯಿತು. ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ಬರೆಯಬೇಕು. ಕೆಂಪು ಮಣ್ಣಿನಿಂದ ಕದಡಿದ ನೀರೇ ಬೇರೆ, ಪಾಚಿಯಿಂದ ಹಸಿರಾದ ನೀರೇ ಬೇರೆ.

ಜೊತೆಗೊಂದು ಥರ್ಮಾಮೀಟರ್ ಇರಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಬೇಸಿಗೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ.

ಇನ್ನು ಹುಳುಗಳು. ಏರೋಪ್ಲೇನ್ ಚಿಟ್ಟೆಯ ಮರಿಗಳು ಬೆಳೆಯುವುದು ನೀರಿನಲ್ಲಿ. ಸೊಳ್ಳೆ ಮರಿಗಳನ್ನು ಅವು ತಿನ್ನುತ್ತವೆ. ಆಮ್ಲಜನಕ ಕಡಿಮೆಯಾದ ಕೆಸರಿನಲ್ಲೂ ಬದುಕುವ ಕೆಂಪು ಹುಳುಗಳಿವೆ. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲೂ ಹಿಮೋಗ್ಲೋಬಿನ್ ಇದೆ. ಬೇರೆಲ್ಲ ಹೋಗಿ ಇವಷ್ಟೇ ಉಳಿದರೆ ಕೆರೆಗೆ ಉಸಿರು ಕಟ್ಟಿದೆ ಎಂದೇ ಅರ್ಥ.

ಮಕ್ಕಳೇ, ಮೂರು ಮಾತು ನೆನಪಿಡಿ. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು. ಮೇಷ್ಟ್ರು ಜೊತೆಗಿಲ್ಲದೆ ಹೋಗಬಾರದು, ನೀರಿಗಂತೂ ಇಳಿಯಲೇಬಾರದು. ಮೂರನೆಯದು, ಕಾಣದಿದ್ದರೆ "ಕಾಣಲಿಲ್ಲ" ಎಂದೇ ಬರೆಯಿರಿ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೂ ಬೆಲೆಯಿದೆ.

ಗುರುಗಳಲ್ಲಿ ನನ್ನ ವಿನಂತಿ: ಚೆನ್ನಾಗಿ ಬಂದ ಅಂಕಿಗಲ್ಲ, ಇದ್ದದ್ದನ್ನು ಇದ್ದಂತೆ ಬರೆದುದಕ್ಕೆ ಶಹಭಾಸ್ ಎನ್ನಿ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇಂಥ ಸ್ಥಳೀಯ ಅಧ್ಯಯನಗಳಿಗಾಗಿಯೇ ಇದೆ.

ಹಿರಿಯರೇ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನರೊಂದಿಗೆ ಸೇರಿ ಊರಿನ ಜೀವವೈವಿಧ್ಯವನ್ನು ದಾಖಲಿಸುವುದು ಅದರ ಕೆಲಸ. ಮಕ್ಕಳ ಪುಟಗಳು ಅಲ್ಲಿಗೆ ತಲುಪಲಿ. ಗ್ರಾಮಸಭೆಯಲ್ಲಿ ಅವರೇ ನಿಂತು ಓದಲಿ. ಓದಿದ ಮೇಲೆ "ಹುಡುಗರ ಆಟ" ಎಂದು ನಗಬೇಡಿ. ಕೊಳಚೆ ಎಲ್ಲಿಂದ ಹರಿದು ಬರುತ್ತಿದೆ ಎಂದು ಅವರು ತೋರಿಸಿದರೆ, ಅದನ್ನು ತಡೆಯುವ ಕೆಲಸ ದೊಡ್ಡವರದು.

ಶತಮಾನೋತ್ಸವದ ದಿನ ನಮ್ಮಲ್ಲಿ ಅನೇಕರು ಇರುವುದಿಲ್ಲ. ಕೆರೆ ಇರಬೇಕು, ಅದರ 50 ವರ್ಷಗಳ ಹಾಜರಿಯೂ ಇರಬೇಕು. ಮೊದಲ ಪುಟ ಈ ತಿಂಗಳೇ ಬರೆಯಿರಿ.