ಗುಳಿಗೆಯೋ, ಮೂಲಿಕೆಯೋ?
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಈ ವಾಚನಾಲಯದ ಹಳೆಯ ಓದುಗರು, ಅಷ್ಟೇ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ತಂಗಿಗೆ ಥೈರಾಯ್ಡ್ ಗ್ರಂಥಿಯ ಸ್ರಾವ ಕಡಮೆ. ವರ್ಷಗಟ್ಟಲೆ ಗುಳಿಗೆ ನುಂಗಿ ಬೇಸತ್ತ ಆಕೆ, ಯಾರದೋ ಮಾತು ಕೇಳಿ ಗುಳಿಗೆ ಬಿಟ್ಟು ಚೂರ್ಣ ಹಿಡಿದಳು. ನಾಲ್ಕು ತಿಂಗಳಲ್ಲಿ ಮುಖ ಊದಿತು; ಮುಂಬಯಿಯ ಮೇ ತಿಂಗಳ ಸೆಕೆಯಲ್ಲೂ ಕಂಬಳಿ ಬೇಡಿದಳು. ಫೋನಿನಲ್ಲಿ ಕೇಳಿದ ಒರಟು ದನಿ ಆಕೆಯದೆಂದು ನಮಗೆ ಗುರುತೇ ಸಿಗಲಿಲ್ಲ. "ಮೂಲಿಕೆಯಿಂದ ಕೇಡೇನು ಅಣ್ಣಾ?" ಎಂದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಕೊರಳ ಮುಂಭಾಗದಲ್ಲಿ ಚಿಟ್ಟೆಯಾಕಾರದ ಈ ಗ್ರಂಥಿ ಅಯೋಡಿನ್ ಹೀರಿ ಥೈರಾಕ್ಸಿನ್ ತಯಾರಿಸುತ್ತದೆ. ಅದು ಮೈಯೆಂಬ ಒಲೆಯ ಉರಿ. ಉರಿ ತಗ್ಗಿದರೆ ಆಯಾಸ, ಚಳಿ, ಮಲಬದ್ಧತೆ, ಮರೆವು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಗ್ರಂಥಿಯ ಸಾರವನ್ನು ಇಂಥ ಒಬ್ಬ ಹೆಂಗಸಿಗೆ ಚುಚ್ಚಿ ಕೊಟ್ಟರು. ಚಿಕಿತ್ಸೆ ಮುಂದುವರಿದು ಆಕೆ ಇನ್ನೂ 28 ವರ್ಷ ಬಾಳಿದಳು. 1914ರಲ್ಲಿ ಅಮೆರಿಕದ ಕೆಂಡಲ್ ಥೈರಾಕ್ಸಿನ್ನನ್ನೇ ಬೇರ್ಪಡಿಸಿದರು. ಇಂದಿನ ಗುಳಿಗೆಯಲ್ಲಿರುವುದೂ ಅದೇ. ಮೈ ತಾನು ಮಾಡಲಾರದುದನ್ನು ಹೊರಗಿನಿಂದ ತುಂಬುವುದಷ್ಟೇ ಅದರ ಕೆಲಸ.

ಇನ್ನು ಮೂಲಿಕೆಗಳು. ಗಳಗಂಡವನ್ನು ಆಯುರ್ವೇದ ಬಹು ಹಿಂದೆಯೇ ವರ್ಣಿಸಿದೆ. ಮಂದಾರದ ತೊಗಟೆಯಿಂದಾಗುವ ಕಾಂಚನಾರ ಗುಗ್ಗುಲು ಕೊರಳ ಗಂಟುಗಳಿಗೆ ಹೇಳಿದ ಮದ್ದು. ಆದರೆ ಕೊರಳು ಊದುವುದು ಬೇರೆ, ಸ್ರಾವ ಬತ್ತುವುದು ಬೇರೆ. ಊತವಿಲ್ಲದೆಯೂ ಸ್ರಾವ ಬತ್ತಬಹುದು. ಹಿರೇಮದ್ದು ಎನ್ನುವ ಅಶ್ವಗಂಧದ ವಿಷಯದಲ್ಲಿ 2018ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ದಿನಕ್ಕೆ 600 ಮಿಲಿಗ್ರಾಂನಂತೆ 8 ವಾರ ಅದರ ಬೇರಿನ ಸಾರ ಸೇವಿಸಿದವರ ರಕ್ತಪರೀಕ್ಷೆ ಸುಧಾರಿಸಿತು. ಆಶಾದಾಯಕವೇ ಸರಿ. ಆದರೆ ಪ್ರಯೋಗದಲ್ಲಿದ್ದವರು ಒಟ್ಟು 50 ಮಂದಿ; ಅವರ ಕೊರತೆಯೂ ಅಲ್ಪ. ಗುಳಿಗೆ ಬಿಡಲು ಅದು ಆಧಾರವಾಗದು. ಅಶ್ವಗಂಧದಿಂದ ಸ್ರಾವ ಅತಿಯಾದುದೂ, ಯಕೃತ್ತಿಗೆ ಪೆಟ್ಟಾದುದೂ ಉಂಟು. ಗರ್ಭಿಣಿಯರಿಗೆ ಅದು ಸಲ್ಲದು.

ಅಯೋಡಿನ್ನಿನ ಕಥೆಯೂ ಹಾಗೆಯೇ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಡಾ॥ ರಾಮಲಿಂಗಸ್ವಾಮಿಯವರು ಆರಂಭಿಸಿದ ಅಧ್ಯಯನ, ಅಯೋಡಿನ್ ಬೆರೆಸಿದ ಉಪ್ಪು ಗಳಗಂಡವನ್ನು ತಡೆಯುವುದೆಂದು ತೋರಿಸಿತು. ಆದರೆ ಮೈಯ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದ್ದರೆ ಅಯೋಡಿನ್ ಏನು ಮಾಡೀತು? ಕಡಲ ಪಾಚಿಯ ಗುಳಿಗೆ ನುಂಗಿ ಅದು ಅತಿಯಾದರೆ ಗ್ರಂಥಿ ಮತ್ತಷ್ಟು ಸೊರಗಬಹುದು.

"ಗುಳಿಗೆ ಹತ್ತುವುದಿಲ್ಲ" ಎನ್ನುವವರಿಗೆ ಒಂದು ಮಾತು. ಅದನ್ನು ಬರಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ನಮ್ಮವರಿಗೆ ಕಷ್ಟವೇ, ಆದರೂ ಕಾಫಿ ಒಂದು ಗಂಟೆ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ 4 ಗಂಟೆಯ ಅಂತರವಿರಲಿ. ಪ್ರಮಾಣ ಬದಲಾದರೆ 6ರಿಂದ 8 ವಾರಗಳಲ್ಲಿ ರಕ್ತಪರೀಕ್ಷೆಯಾಗಲಿ. ಗರ್ಭ ನಿಂತೊಡನೆ ವೈದ್ಯರನ್ನು ಕಾಣಬೇಕು. ಕೂಸಿನ ಮಿದುಳು ತಾಯಿಯ ಥೈರಾಕ್ಸಿನ್ನನ್ನು ನಂಬಿರುತ್ತದೆ. ಮೂಲಿಕೆ ಬೇಕೆನಿಸಿದರೆ ವೈದ್ಯರಿಂದ ಮುಚ್ಚಿಡಬೇಡಿ.

ತಂಗಿಯನ್ನು ಆಯುರ್ವೇದ ಪಂಡಿತರೊಬ್ಬರ ಬಳಿಗೂ ಕರೆದೊಯ್ದೆವು. ನಾಡಿ ಹಿಡಿದು ನೋಡಿದ ಆ ಹಿರಿಯರು ಮೊದಲು ಹೇಳಿದ್ದು, "ಗುಳಿಗೆ ಬಿಟ್ಟಿದ್ದು ತಪ್ಪು, ತಾಯಿ" ಎಂದು. ಆಕೆ ವೈದ್ಯರ ಸಲಹೆಯಂತೆ ಮತ್ತೆ ಗುಳಿಗೆ ಹಿಡಿದಳು. ಈಗ ಫೋನಿನಲ್ಲಿ "ಅಣ್ಣಾ" ಎಂದೊಡನೆ ನಮಗೆ ಗುರುತು ಸಿಗುತ್ತದೆ.