ಸೋಸಿದರೆ ಸಿಗುವ ಮದ್ದು, ಸಿಗದ ಮದ್ದು

ಮಳೆಗಾಲದಲ್ಲಿ ಮಡಿಕೇರಿ, ಸುಳ್ಯಗಳ ನಡುವಿನ ಸಂಪಾಜೆಯ ತೋಟಕ್ಕೆ ಇಳಿದವರಿಗೆ ಇಂಬಳದ ಕಡಿತ ಹೊಸದಲ್ಲ. ಕಿತ್ತೆಸೆದರೂ ರಕ್ತ ಬೇಗ ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಎಂಜಲಿನಲ್ಲಿದೆ. ಇಂಬಳದ ದಾಯಾದಿ ಜಿಗಣೆಯಿಂದ ತೆಗೆದ ಅಂಥದೇ ಅಂಶ ಹಿರುಡಿನ್. 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾನ್ ಜೇಕಬ್ ಏಬಲ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಕೃತಕ ಮೂತ್ರಪಿಂಡ ಓಡಿಸಿದ್ದು ಇದರ ಬಲದಿಂದ. ಆಗ ರಕ್ತದಿಂದ ಅವರು ಸೋಸಿ ತೆಗೆದದ್ದು ಸ್ಯಾಲಿಸಿಲೇಟ್, ಆಸ್ಪಿರಿನ್ ಕುಲದ ಮದ್ದು.

ಈಗ ಜಿಗಣೆ ಬೇಡ, ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಇದೆ. ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳಕ್ಕೆ ನಳಿಕೆ ಹಾಕಿ ರಕ್ತವನ್ನು ಯಂತ್ರಕ್ಕೆ ತರುತ್ತಾರೆ. ಪೊರೆಯ ಆಚೆ ದ್ರವ, ಈಚೆ ರಕ್ತ. ಸಣ್ಣ ಅಣುಗಳು ಆಚೆ ದಾಟುತ್ತವೆ, ಇದೇ ಡಯಾಲಿಸಿಸ್. ರಕ್ತವನ್ನು ಇದ್ದಿಲಿನ ಡಬ್ಬಿಯ ಮೂಲಕವೇ ಹಾಯಿಸುವುದೂ ಉಂಟು, ಅದು ಹೀಮೋಪರ್ಫ್ಯೂಷನ್.

“ಮಾತ್ರೆ ಜಾಸ್ತಿ ನುಂಗಿದ್ದಾರೆ, ಡಯಾಲಿಸಿಸ್ ಮಾಡಿಬಿಡಿ ಡಾಕ್ಟ್ರೇ” ಎಂದು ಮನೆಯವರು ಅಂಗಲಾಚುತ್ತಾರೆ. ಮಾಡದಿದ್ದರೆ ಡಾಕ್ಟರ್ ಮೇಲೆ ಸಿಟ್ಟು. ಆದರೆ ಯಂತ್ರ ಸೋಸುವುದು ರಕ್ತವನ್ನು, ಇಡೀ ಮೈಯನ್ನಲ್ಲ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಹೃದಯದ ಡಿಗಾಕ್ಸಿನ್, ಇವು ರಕ್ತದಲ್ಲಿ ನಿಲ್ಲದೆ ಮಾಂಸಖಂಡ, ಅಂಗಾಂಗಗಳಲ್ಲಿ ಸೇರಿಕೊಳ್ಳುತ್ತವೆ. ನಮ್ಮ ಪಯಸ್ವಿನಿ ಹೊಳೆಯನ್ನು ಎಷ್ಟು ಸೋಸಿದರೂ ಗುಡ್ಡದೊಳಗೆ ಇಂಗಿದ ನೀರು ಸಿಕ್ಕೀತೇ? ಪ್ಯಾರಾಸಿಟಮಾಲ್‌ಗಂತೂ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದೇ ಇದೆ, ಯಂತ್ರ ಬೇಕಾಗುವುದು ಅಪರೂಪ.

ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ಹಾಗಲ್ಲ. ಪುಟ್ಟ ಕಣ, ಪ್ರೋಟೀನ್‌ಗೆ ಅಂಟದು, ಹೊರಹೋಗಲು ಮೂತ್ರಪಿಂಡವೊಂದೇ ದಾರಿ. ಯಂತ್ರಕ್ಕೆ ಸುಲಭವಾಗಿ ಸಿಗುತ್ತದೆ. ಆದರೂ ಒಂದು ತಂಟೆ: ಡಯಾಲಿಸಿಸ್ ನಿಲ್ಲಿಸಿದ ಮೇಲೆ ಜೀವಕೋಶಗಳಲ್ಲಿ ಅಡಗಿದ್ದ ಲಿಥಿಯಂ ರಕ್ತಕ್ಕೆ ಮರಳಿ, ಇಳಿದ ಮಟ್ಟ ಮತ್ತೆ ಏರುತ್ತದೆ. ಅದಕ್ಕೇ ಮತ್ತೆ ಮತ್ತೆ ಅಳೆಯುವುದು, ಬೇಕಾದರೆ ಇನ್ನೊಂದು ಸುತ್ತು. 1981ರಲ್ಲಿ ಬೆಂಗಳೂರಿನ ಕಳ್ಳಬಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಮೆಥನಾಲ್ ಕೂಡ ಸೋಸಿದರೆ ಸಿಗುವಂಥದೇ. ಕಣ್ಣು ಹೋಗುವ ಮೊದಲು ಸೋಸಬೇಕು, ಅಷ್ಟೇ.

ಸಂಪಾಜೆಯವರಿಗೆ ಮೇಲೆ ಮಡಿಕೇರಿ, ಕೆಳಗೆ ಸುಳ್ಯ, ಎರಡೂ ಕಡೆ ಮೆಡಿಕಲ್ ಕಾಲೇಜು ಇದೆ. ಆದರೆ 2018ರ ಆಗಸ್ಟಿನಲ್ಲಿ ಮಡಿಕೇರಿ ದಾರಿಯ ಜೋಡುಪಾಲದ ಬಳಿ ಗುಡ್ಡ ಕುಸಿದು ಘಾಟಿಯೇ ಬಂದ್ ಆಗಿತ್ತು. ದಾರಿ ನಮ್ಮ ಕೈಯಲ್ಲಿಲ್ಲ, ಖಾಲಿ ಮಾತ್ರೆಪಟ್ಟಿ ಇದೆ. ಅದನ್ನು ತಪ್ಪದೆ ಒಯ್ಯಿರಿ. ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ, ಇಷ್ಟು ತಿಳಿದರೆ ಸೋಸಬೇಕೋ ಬೇಡವೋ ಎಂದು ಡಾಕ್ಟರ್ ಬೇಗ ತೀರ್ಮಾನಿಸಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.