ಮಡಿಕೇರಿಯ ಅಂಗಡಿ ಬೆಲೆ, ಮುಂಬೈಯ ಸಂಬಳ



ಬ್ರಹ್ಮಗಿರಿಯ ತಪ್ಪಲಿನ ನಮ್ಮ ಕುಟ್ಟಕ್ಕೂ ರಿಸರ್ವ್ ಬ್ಯಾಂಕಿನವರ ಸಂಬಳಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಿರಬಹುದು. ಸಂಬಂಧ ಇದೆ, ಅದೂ ಲೆಕ್ಕದ ಸಂಬಂಧ. ಅದನ್ನು ಹೇಳುವುದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ಮೊದಲು, ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ? ರಿಸರ್ವ್ ಬ್ಯಾಂಕ್ ಕೆಲಸ ಶುರು ಮಾಡಿದ್ದು 1935ರ ಏಪ್ರಿಲ್ 1ರಂದು, ಸರ್ಕಾರದ ಒಡೆತನಕ್ಕೆ ಬಂದದ್ದು 1949ರ ಜನವರಿ 1ರಂದು. ಒಡೆಯ ಸರ್ಕಾರವಾದರೂ ಸಂಬಳ ಬಜೆಟ್ಟಿನಿಂದ ಹೋಗುವುದಿಲ್ಲ. ಸರ್ಕಾರಿ ಸಾಲಪತ್ರಗಳ ಮೇಲಿನ ಬಡ್ಡಿ, ವಿದೇಶಿ ಆಸ್ತಿಯ ಗಳಿಕೆ, ಹೀಗೆ ಬ್ಯಾಂಕಿನ ಸ್ವಂತ ಆದಾಯದಿಂದ ಹೋಗುತ್ತದೆ. ಖರ್ಚೆಲ್ಲ ಕಳೆದು, ಮೀಸಲಿಗೆ ಎತ್ತಿಟ್ಟು ಉಳಿದದ್ದು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. 2024-25ರ ಸಾಲಿಗೆ ಹಾಗೆ ಸೇರಿದ್ದು 2,68,590 ಕೋಟಿ ರೂಪಾಯಿ. ಆದ್ದರಿಂದ ಅಲ್ಲಿನ ಸಂಬಳವೂ ಕಡೆಗೆ ನಮ್ಮೆಲ್ಲರ ದುಡ್ಡೇ; ಅದನ್ನು ಪ್ರಶ್ನಿಸುವ ಹಕ್ಕು ಕುಟ್ಟಕ್ಕೂ ಇದೆ.

ಗವರ್ನರ್ ಸಂಬಳವನ್ನು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ ಪ್ರಕಾರ ಬ್ಯಾಂಕಿನ ಕೇಂದ್ರ ಮಂಡಳಿ ನಿಗದಿ ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡಬೇಕು. ಅವರ ಮೂಲವೇತನ ತಿಂಗಳಿಗೆ 90,000 ಇದ್ದದ್ದು 2016ರ ಜನವರಿಯಿಂದ ಅನ್ವಯವಾಗುವಂತೆ ಎರಡೂವರೆ ಲಕ್ಷವಾಯಿತು, ಡೆಪ್ಯುಟಿ ಗವರ್ನರುಗಳದ್ದು ಎರಡೂಕಾಲು ಲಕ್ಷ. ಸಂಪುಟ ಕಾರ್ಯದರ್ಶಿಗೂ ಅಷ್ಟೇ ಎರಡೂವರೆ ಲಕ್ಷ. ಇಡೀ ದೇಶದ ಬಡ್ಡಿದರ ನೋಡಿಕೊಳ್ಳುವವರಿಗೆ ಇದು ಹೆಚ್ಚೆಂದು ನಾನು ಹೇಳಲಾರೆ. ಅವರು ಹತೋಟಿಯಲ್ಲಿಡಬೇಕಾದ ಖಾಸಗಿ ಬ್ಯಾಂಕುಗಳ ಮುಖ್ಯಸ್ಥರು ಇದರ ಎಷ್ಟೋ ಪಟ್ಟು ಪಡೆಯುತ್ತಾರೆ.

ಅಧಿಕಾರಿಗಳಿಗೆ 'ಎ'ಯಿಂದ 'ಎಫ್' ತನಕ ದರ್ಜೆಗಳಿವೆ. ನಮ್ಮ ಹುಡುಗ ಹುಡುಗಿಯರು ಮೈಸೂರು, ಧಾರವಾಡಗಳಲ್ಲಿ ಕೋಣೆ ಹಿಡಿದು ಓದುವುದು 'ಬಿ' ದರ್ಜೆಯ ಪರೀಕ್ಷೆಗೆ. 2023ರ ನೇಮಕಾತಿ ಪ್ರಕಟಣೆಯಲ್ಲಿ ಆ ದರ್ಜೆಯ ಆರಂಭದ ಮೂಲವೇತನ 55,200 ಇತ್ತು, 2025ರದ್ದರಲ್ಲಿ 78,450. ಎರಡು ವರ್ಷದಲ್ಲಿ ಇಷ್ಟು ದೊಡ್ಡ ಜಿಗಿತವೇ ಎಂದು ಹೌಹಾರಬೇಡಿ. ಸುಮಾರು ಐದು ವರ್ಷಕ್ಕೊಮ್ಮೆ ಸಂಘಗಳೂ ಆಡಳಿತವೂ ಎದುರುಬದುರು ಕೂತು ವೇತನ ಪರಿಷ್ಕರಿಸುತ್ತವೆ. ಆಗ ಅಲ್ಲಿಯ ತನಕ ಬೆಳೆದು ನಿಂತ ತುಟ್ಟಿಭತ್ಯೆಯ ಬಹುಪಾಲು ಮೂಲವೇತನದೊಳಗೆ ಸೇರಿಹೋಗುತ್ತದೆ.

ಬೆಲೆ ಏರಿದಂತೆ ಏರುವ ಈ ತುಟ್ಟಿಭತ್ಯೆಯ ಬಳಿ ಸ್ವಲ್ಪ ನಿಲ್ಲೋಣ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಎಂಬುದೊಂದಿದೆ. ಕಾರ್ಖಾನೆ, ಗಣಿ, ತೋಟ, ರೈಲ್ವೆಗಳಲ್ಲಿ ದುಡಿಯುವವರು ಅಕ್ಕಿ, ಬೇಳೆ, ಬಟ್ಟೆ, ಸೌದೆ, ಬಾಡಿಗೆಗೆ ಎಷ್ಟು ತೆರುತ್ತಾರೆಂದು ಊರೂರಿನ ಬೆಲೆ ಬರೆದುಕೊಂಡು ಕೇಂದ್ರದ ಲೇಬರ್ ಬ್ಯೂರೋ ಅದನ್ನು ಲೆಕ್ಕ ಹಾಕುತ್ತದೆ. 2001ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸರಣಿಗೆ ದೇಶದಲ್ಲಿ ಆರಿಸಿದ್ದು 78 ಕೇಂದ್ರಗಳನ್ನು. ಅದರಲ್ಲೊಂದು ನಮ್ಮ ಮಡಿಕೇರಿ. ಬ್ಯೂರೋದ ಪಟ್ಟಿಯಲ್ಲಿ ಹಳೆಯ ಹೆಸರು ಮರ್ಕೆರಾ ಎಂದೇ ಇತ್ತು. ಕೊಡಗಿನ ಕಾಫಿ ತೋಟದ ಕಾರ್ಮಿಕರು ಅಂಗಡಿಯಲ್ಲಿ ಎಣಿಸಿಕೊಟ್ಟ ಬೆಲೆಯೂ ಸೇರಿಯೇ ಆ ಸೂಚ್ಯಂಕ ಆಗುತ್ತಿತ್ತು, ಅದನ್ನು ನೋಡಿಯೇ ಮುಂಬೈಯ ರಿಸರ್ವ್ ಬ್ಯಾಂಕ್ ಅಧಿಕಾರಿಯ ತುಟ್ಟಿಭತ್ಯೆ ಏರುತ್ತಿತ್ತು. ಏರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ಆ ಕ್ರಮ ಈಗಲೂ ಇದೆ.

ಈ ಸೌಲಭ್ಯ ಅವರಿಗೆ ಸುಮ್ಮನೆ ಬಂದದ್ದಲ್ಲ. ರಿಸರ್ವ್ ಬ್ಯಾಂಕಿನ ನೌಕರರ ಸಂಘ ಒಂದು ಕಾಲದಲ್ಲಿ ನ್ಯಾಯಮೂರ್ತಿ ದೇಸಾಯಿಯವರ ನ್ಯಾಯಮಂಡಳಿಯ ತನಕ, ಅಲ್ಲಿಂದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಕೊಟ್ಟಿತ್ತು. ದುಡಿಯುವ ಒಬ್ಬರಿಗೆ ಮೂರು ಜನರ ಪಾಲಿನ ಊಟ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪಗಳ ಖರ್ಚು, ಇಷ್ಟನ್ನಾದರೂ ಕೂಲಿ ತುಂಬಿಕೊಡಬೇಕು ಎಂದು. ಆ ಅಳತೆಯಲ್ಲಿ ನಮಗೂ ಸಂಬಳ ಕೊಡಿ ಎಂದು ನೌಕರರು ಕೇಳಿದರು, ಸಿಗಲಿಲ್ಲ. 1965ರ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ಜೀವನ ವೇತನವೆಂಬುದು ಹತ್ತಿರ ಹೋದಷ್ಟೂ ಹಿಂದೆ ಸರಿಯುವ ದಿಗಂತದಂತೆ ಆಗಿದೆ ಎಂಬ ಅರ್ಥದ ಮಾತು ಬರೆದರು. ನೋಟು ಹೊರಡಿಸುವ ಬ್ಯಾಂಕಿನ ಗುಮಾಸ್ತನ ಮನೆಯ ಊಟವೂ ಬಟ್ಟೆಯೂ ನ್ಯಾಯಾಲಯದಲ್ಲಿ ಚರ್ಚೆಯಾದ ಕಾಲ ಅದು. ಅಲ್ಲಿ ಸೋತರೂ ಸಂಘ ಚದುರಲಿಲ್ಲ. ಇಂದಿನ ಸಂಬಳದ ಹಿಂದೆ ಆ ಒಗ್ಗಟ್ಟಿದೆ.

ಈಗ ನಮ್ಮ ತೋಟಗಳಿಗೆ ಬನ್ನಿ. ಇಲ್ಲಿನ ಕನಿಷ್ಠ ಕೂಲಿಯಲ್ಲೂ ವ್ಯತ್ಯಾಸವಾಗುವ ತುಟ್ಟಿಭತ್ಯೆ ಉಂಟು, ಅದನ್ನೂ ಬೆಲೆ ಸೂಚ್ಯಂಕಕ್ಕೇ ಕಟ್ಟಿದ್ದಾರೆ. ಆದರೆ ರಾಜ್ಯ ಸರ್ಕಾರ ಅದನ್ನು ಏರಿಸುವುದು ವರ್ಷಕ್ಕೊಮ್ಮೆ, ಏಪ್ರಿಲ್ 1ರಿಂದ. ಮೇ ತಿಂಗಳಲ್ಲಿ ಅಕ್ಕಿ ತುಟ್ಟಿಯಾಯಿತು ಅನ್ನಿ. ರಿಸರ್ವ್ ಬ್ಯಾಂಕಿನ ಅಧಿಕಾರಿಗೆ ಕೆಲವೇ ತಿಂಗಳಲ್ಲಿ ಪರಿಹಾರ ಸಿಗುತ್ತದೆ. ಕಾಫಿ ಕೊಯ್ಯುವ ಯರವ ಸಮುದಾಯದ ಹೆಣ್ಣುಮಗಳು ಆ ಮಳೆಗಾಲ ಕಳೆದು, ಕೊಯ್ಲೂ ಮುಗಿದು, ಮುಂದಿನ ಏಪ್ರಿಲ್ಲಿನ ಬಟವಾಡೆಯ ತನಕ ಕಾಯಬೇಕು. ಸಂಬಳದ ಬಹುಪಾಲು ಊಟಕ್ಕೇ ಹೋಗುವುದು ಯಾರ ಮನೆಯಲ್ಲಿ? ಕಾಯುವ ಶಕ್ತಿ ಕಡಿಮೆ ಇರುವುದು ಯಾರಿಗೆ?

ಬ್ಯಾಂಕಿನವರಿಗೆ ಕೊಡುವುದನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಹಣದುಬ್ಬರವನ್ನು ಶೇಕಡ ನಾಲ್ಕರ ಸುತ್ತ ಹಿಡಿದಿಡುವ ಹೊಣೆ ಹೊತ್ತವರು ಮನೆಖರ್ಚಿನ ಚಿಂತೆಯಿಲ್ಲದೆ, ಯಾರ ಹಂಗಿಗೂ ಬೀಳದೆ ಕೆಲಸ ಮಾಡಬೇಕು. ಆದರೆ ಅದೇ ಕ್ರಮ ತೋಟದವರಿಗೂ ಬೇಕು: ಸೂಚ್ಯಂಕ ಪ್ರತಿ ತಿಂಗಳೂ ಪ್ರಕಟವಾಗುತ್ತದೆ, ಲೆಕ್ಕ ಹಾಕುವ ಸೂತ್ರ ಸಿದ್ಧವಿದೆ, ತೋಟದ ಚೆಕ್‌ರೋಲ್ ಬರೆಯುವ ರೈಟರಿಗೂ ಅದು ಕಷ್ಟದ ಕೆಲಸವಲ್ಲ. ತೋಟದ ತುಟ್ಟಿಭತ್ಯೆಯನ್ನೂ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಿ ಎಂದು ಕಾರ್ಮಿಕ ಇಲಾಖೆಗೆ ಬರೆಯೋಣ. ಮನವಿ ಸಿದ್ಧ ಮಾಡಲು ನಾನು ನಿಮ್ಮ ಜೊತೆ ಕೂರುತ್ತೇನೆ. ಬೆಳೆಗಾರರೂ ಸಹಿ ಹಾಕಬೇಕೆಂಬುದು ನನ್ನ ಕೋರಿಕೆ.